ಹದಿನೆಂಟು ಅಡಿ ಇಳಿಜಾರು

ಜೂನ್ 8, 2025, ಭಾನುವಾರ

ಪ್ರದರ್ಶನಕ್ಕೆ ಇನ್ನು ಒಂದು ತಿಂಗಳು ಚಿಲ್ಲರೆ ಇದೆ. ಬಸವನಗುಡಿಯ ಹಳೆಯ ಮನೆಯೊಂದನ್ನು ಗ್ಯಾಲರಿ ಮಾಡಿಕೊಂಡಿರುವ ಗೆಳೆಯರು ಈ ಸಲದ ಜಲವರ್ಣ ಪ್ರದರ್ಶನದ ಬರವಣಿಗೆಯನ್ನೆಲ್ಲ ನನಗೆ ಒಪ್ಪಿಸಿದ್ದಾರೆ. ಗೋಡೆಯ ಲೇಬಲ್, ಕಿರುಪುಸ್ತಿಕೆ, ಆಮಂತ್ರಣ ಎಲ್ಲವೂ ನನ್ನದೇ. ಆಮಂತ್ರಣದ ಕೊನೆಯಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆಯುವುದಕ್ಕೆ ಮುಂಚೆ ಟೇಪು ಹಿಡಿದುಕೊಂಡು ಹೋಗಿ ಕಟ್ಟಡವನ್ನು ಅಳೆದು ಬಂದೆ.

ಗೇಟಿನಿಂದ ಜಗುಲಿಗೆ ಮೂರು ಮೆಟ್ಟಿಲು, ಒಂದೊಂದೂ ಆರು ಇಂಚು. ಮುಂಬಾಗಿಲಿಗೆ ಎತ್ತರದ ಹೊಸ್ತಿಲು. ಒಳಕೋಣೆಯ ಬಾಗಿಲು 28 ಇಂಚು. ಗಾಲಿಕುರ್ಚಿ ಸರಾಗವಾಗಿ ದಾಟಬೇಕಾದರೆ 900 ಮಿಲಿಮೀಟರ್, ಅಂದರೆ 35 ಇಂಚಿಗೂ ಮಿಕ್ಕಿ ಬೇಕು. ಅತಿ ಒಳ್ಳೆಯ ಚಿತ್ರಗಳನ್ನು ತೂಗುಹಾಕಬೇಕೆಂದಿರುವುದು ಆ ಒಳಕೋಣೆಯಲ್ಲೇ.

ವಿಷಯ ಎತ್ತಿದಾಗ ಗೆಳೆಯರು, “ಯಾರಾದ್ರೂ ಬಂದ್ರೆ ನಮ್ಮ ಹುಡುಗ್ರು ಇದ್ದಾರಲ್ಲ, ಕುರ್ಚಿ ಸಮೇತ ಎತ್ತಿ ಒಳಗೆ ಬಿಡ್ತಾರೆ ಬಿಡಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ರಾತ್ರಿಯವರೆಗೂ ಮನಸ್ಸಿನಲ್ಲಿ ಕುಟುಕುತ್ತಲೇ ಇದೆ.

ಜೂನ್ 11, ಬುಧವಾರ

ವಕೀಲೆ ಗೆಳತಿಗೆ ಫೋನ್ ಮಾಡಿ ಗೆಳೆಯರ ಮಾತನ್ನು ಹೇಳಿದೆ. ಕಾಲೇಜಿನ ದಿನಗಳಿಂದಲೂ ಅವಳದು ಗಾಲಿಕುರ್ಚಿಯ ಓಡಾಟ. “ನಾನೇನು ಉತ್ಸವಮೂರ್ತೀನೇನೇ, ನಾಲ್ಕು ಜನ ಹೊತ್ಕೊಂಡು ಹೋಗೋಕೆ? ಎತ್ತೋವಾಗ ಕುರ್ಚಿ ವಾಲಿದ್ರೆ ಬೀಳೋಳು ನಾನು. ಅರ್ಧ ನೋಡಿ ಸಾಕು ಅನ್ಸಿದ್ರೆ ಹೊರಗೆ ಬರೋಕೂ ಮತ್ತೆ ಅವರನ್ನೇ ಕೂಗ್ಬೇಕು. ಅಷ್ಟಕ್ಕೆ ಮನೇಲೇ ಇರ್ತೀನಿ” ಎಂದಳು. ಅವಳ ಈಗಿನ ಮೋಟಾರಿನ ಕುರ್ಚಿಯಂತೂ ಎತ್ತುವ ತೂಕದ್ದೇ ಅಲ್ಲ.

ಆಮೇಲೆ ಕಾನೂನು ತಿಳಿಸಿದಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಕಲೆ, ಸಂಸ್ಕೃತಿ, ಮನರಂಜನೆಗೇ ಮೀಸಲು. ಕಲೆಯನ್ನು ವಿಕಲಚೇತನರಿಗೆ ಎಟುಕುವಂತೆ ಮಾಡಬೇಕೆಂಬುದು ಅದರಲ್ಲಿ ನೇರವಾಗಿಯೇ ಇದೆ. ಖಾಸಗಿ ಕಟ್ಟಡವಾದರೂ ಜನ ಬಂದುಹೋಗುವಂಥದ್ದಾದರೆ ಅದು ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಕಟ್ಟಡವೇ, ಸಾಂಸ್ಕೃತಿಕ ಚಟುವಟಿಕೆಯ ಜಾಗವೂ ಅದರಲ್ಲಿ ಸೇರಿದೆ. ದೃಷ್ಟಿಯಿಲ್ಲದ ರಾಜೀವ್ ರತೂರಿ ಎಂಬವರು 2005ರಲ್ಲಿ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಅನುಸರಿಸಿದರೆ ಒಳ್ಳೆಯದು ಎಂಬಂತಿದ್ದ ಶಿಫಾರಸುಗಳು ಸಾಲವು, ಕಡ್ಡಾಯ ನಿಯಮಗಳೇ ಬೇಕು, ಮೂರು ತಿಂಗಳಲ್ಲಿ ಮಾಡಿ ಎಂದು ಸರ್ಕಾರಕ್ಕೆ ಹೇಳಿತು.

2011ರ ಜನಗಣತಿಯಂತೆ ಕರ್ನಾಟಕದಲ್ಲೇ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಗ್ಯಾಲರಿಗಳಲ್ಲಿ ಅವರು ಕಾಣುವುದಿಲ್ಲವೆಂದರೆ ಅವರಿಗೆ ಚಿತ್ರ ಬೇಡವೆಂದಲ್ಲ. ‘ಅಂಥವರು ಇಲ್ಲಿಗೆ ಯಾರೂ ಬರಲ್ವಲ್ಲ’ ಎನ್ನುವ ಮಾತನ್ನು ಎಷ್ಟೋ ಕಡೆ ಕೇಳಿದ್ದೇನೆ. ಮೆಟ್ಟಿಲು ಇರುವಷ್ಟು ಕಾಲ ಆ ಮಾತು ನಿಜವಾಗಿಯೇ ಇರುತ್ತದೆ.

ಜೂನ್ 17, ಮಂಗಳವಾರ

ಮೇಸ್ತ್ರಿ ಬಂದಿದ್ದರು. ಒಂದು ಆರಡಿ ಹಲಗೆ ಒರಗಿಸಿದರೆ ಸಾಕೆಂದು ಅವರ ಎಣಿಕೆ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಎನ್ನುವುದು ರ‍್ಯಾಂಪಿನ ಲೆಕ್ಕ. ಮೂರು ಮೆಟ್ಟಿಲಿನ ಒಂದೂವರೆ ಅಡಿಗೆ 18 ಅಡಿ ಬೇಕು, ಮೇಲೆ ಕುರ್ಚಿ ತಿರುಗಲು ಸಮತಟ್ಟು ಜಾಗ ಬೇರೆ. ಆರಡಿ ಹಲಗೆಯ ಮೇಲೆ ತೋಳಿನ ಬಲದಿಂದ ಯಾರೂ ಹತ್ತಲಾರರು. ಇಳಿಯುವಾಗ ಕುರ್ಚಿ ಕೈಮೀರಿ ಓಡುತ್ತದೆ. ಪಕ್ಕದ ಕಾಂಪೌಂಡಿನ ಗುಂಟ ಕಟ್ಟಿದರೆ ಉದ್ದ ಸಿಗುತ್ತದೆ, ಪಾರಿಜಾತದ ಗಿಡವನ್ನು ಕಿತ್ತು ಬೇರೆ ಕಡೆ ನೆಡಬೇಕು. ಗೆಳೆಯರು ಖರ್ಚಿನ ಅಂದಾಜು ನೋಡಿ ಸುಮ್ಮನಾದರು. ಚೌಕಟ್ಟು ಹಾಕಿಸುವ ಖರ್ಚಿನ ಮುಂದೆ ಇದು ದೊಡ್ಡದಲ್ಲ ಎಂದು ಪಟ್ಟಿಯನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಒಳಬಾಗಿಲನ್ನು ಅಗಲಿಸಿದರೆ ಗೋಡೆಯ ಹಳೆಯ ಗಾರೆ ತಾಳುವುದಿಲ್ಲವಂತೆ. ಹಾಗಾದರೆ ಒಳ್ಳೆಯ ಚಿತ್ರಗಳೇ ಹೊರಗಿನ ಹಜಾರಕ್ಕೆ ಬರಲಿ ಎಂದೆ. ಒಪ್ಪಿದರು.

ಜೂನ್ 22, ಭಾನುವಾರ

ಇವತ್ತಿನ ಮಧ್ಯಾಹ್ನವೆಲ್ಲ ಎದುರುಮನೆಯ ಮೇಷ್ಟ್ರ ಜೊತೆ ಕಳೆಯಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಗ್ಲಾಕೋಮಾ ಬಂದು ನಿವೃತ್ತಿಯ ಹೊತ್ತಿಗೆ ಪೂರ್ತಿ ದೃಷ್ಟಿ ಹೋಯಿತು. ಅದಕ್ಕೆ ಮುಂಚೆ ಚಿತ್ರಸಂತೆಯನ್ನು ತಪ್ಪಿಸಿದವರಲ್ಲ. ಪ್ರತಿ ಜನವರಿ ಕುಮಾರಕೃಪಾ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯತನಕ ಸುತ್ತುತ್ತಿದ್ದರು. ಕಣ್ಣು ಹೋದ ಮೇಲೆ ಸಂಗೀತ ಕಚೇರಿಗೆ ಕರೆದುಕೊಂಡು ಹೋಗುವವರು ಇದ್ದಾರೆ, ದೇವಸ್ಥಾನಕ್ಕೆ ಇದ್ದಾರೆ. ಚಿತ್ರ ನೋಡೋಣ ಬನ್ನಿ ಎಂದು ಕರೆದವರು ಒಬ್ಬರೂ ಇಲ್ಲ.

“ಕಣ್ಣಿಲ್ದೋನಿಗೆ ಚಿತ್ರ ಯಾಕಯ್ಯಾ ಅಂತ ನನ್ನ ಮಗನೇ ಕೇಳ್ತಾನಮ್ಮ” ಎಂದರು. ನಾನು ಅವರಿಗೆ ಬಿನೋದ್ ಬಿಹಾರಿ ಮುಖರ್ಜಿಯವರ ಕಥೆ ಹೇಳಿದೆ. 1904ರಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಒಂದು ಕಣ್ಣು ಕಾಣದು, ಇನ್ನೊಂದರ ದೃಷ್ಟಿ ಬಹಳ ಮಂದ. ಆ ಕಣ್ಣಿನಲ್ಲೇ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಬರೆದರು. ನಮ್ಮ ದೇಶದ ಭಿತ್ತಿಚಿತ್ರಗಳಲ್ಲಿ ಅದರಷ್ಟು ದೊಡ್ಡ ಮನಸ್ಸಿನ ಕೃತಿಗಳು ಕಡಿಮೆ ಎಂದೇ ನನ್ನ ನಂಬಿಕೆ. ಮುಂದೆ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಇದ್ದ ದೃಷ್ಟಿಯೂ ಹೋಯಿತು. ಅವರು ನಿಲ್ಲಿಸಲಿಲ್ಲ. ಕಾಗದ ಕತ್ತರಿಸಿ ಅಂಟಿಸಿದರು, ಕೈಯಿಂದ ರೂಪಗಳನ್ನು ತಿದ್ದಿದರು, ರೇಖಾಚಿತ್ರ ಬರೆದರು, 1972ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ಭಿತ್ತಿಚಿತ್ರ ಮಾಡಿದರು. ಅವರ ಶಿಷ್ಯ ಸತ್ಯಜಿತ್ ರಾಯ್ ಅದೇ ವರ್ಷ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ತೆಗೆದರು.

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸರಿ, ನಿನ್ನ ಚಿತ್ರ ಹೇಳು” ಎಂದರು. ಷರತ್ತೂ ಹಾಕಿದರು: “ಚೆನ್ನಾಗಿದೆ, ರಮ್ಯವಾಗಿದೆ ಅಂತ ನೀನು ಹೇಳ್ಬೇಡ. ಏನಿದೆ, ಎಲ್ಲಿದೆ, ಅಷ್ಟು ಹೇಳು. ಚೆನ್ನಾಗಿದ್ಯೋ ಇಲ್ವೋ ನಾನು ಹೇಳ್ತೀನಿ.”

ಇಬ್ಬರೂ ಕೂತು ತಿದ್ದಿದ ಮೇಲೆ, ದೃಷ್ಟಿಯಿಲ್ಲದವರು ಫೋನಿನಲ್ಲಿ ಕೇಳಲೆಂದು ಮಾಡುವ ಆಡಿಯೋಗೆ ನಿಂತ ಪಠ್ಯ ಇದು: ‘ಅಗಲ ಎರಡು ಅಡಿ, ಎತ್ತರ ಒಂದೂಕಾಲು ಅಡಿ. ಒರಟು ಕಾಗದದ ಮೇಲೆ ಜಲವರ್ಣ. ಕೆಳಗಿನ ಮೂರನೇ ಒಂದು ಭಾಗ ಕೆರೆಯ ನೀರು, ಸೀಸದ ಬಣ್ಣ. ಅದರ ಮೇಲೆ ಎಡದಿಂದ ಬಲದಂಚಿನವರೆಗೆ ಏರಿ, ಕೆಂಪು ಮಣ್ಣು. ಏರಿಯ ಎಡತುದಿಯಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಕೊಡೆ ಮಡಚಿ ಹಿಡಿದ ಒಬ್ಬ ಹೆಂಗಸು, ಹೆಬ್ಬೆರಳ ಉಗುರಿನಷ್ಟು ಎತ್ತರ, ಬೆನ್ನು ನಮ್ಮ ಕಡೆಗಿದೆ. ಉಳಿದದ್ದೆಲ್ಲ ಆಕಾಶ. ಮೇಲ್ಭಾಗದಲ್ಲಿ ಕಪ್ಪುನೀಲಿ ಒದ್ದೆ ಕಾಗದದ ಮೇಲೆ ತಾನಾಗಿ ಹರಿದು ಕೆಳಗೆ ಬರುತ್ತಾ ತಿಳಿಯಾಗುತ್ತದೆ. ಏರಿಗೆ ತಾಗುವ ಕಡೆ ಬಣ್ಣವೇ ಇಲ್ಲ, ಬಿಳಿ ಕಾಗದವನ್ನು ಹಾಗೇ ಬಿಟ್ಟಿದ್ದಾರೆ.’

ಮೇಷ್ಟ್ರ ಪ್ರಶ್ನೆಗಳೇ ಇದನ್ನು ಕಟ್ಟಿದ್ದು. ಏರಿ ಕಾಗದದ ಅರ್ಧಕ್ಕಿಂತ ಮೇಲೋ ಕೆಳಗೋ? ಹೆಂಗಸು ಮರದ ಎಷ್ಟನೇ ಒಂದು ಪಾಲು? ಬಿಳಿ ಎಂದರೆ ಹಚ್ಚಿದ್ದೋ ಬಿಟ್ಟದ್ದೋ? ಕೊನೆಗೆ, “ಮಳೆ ಇನ್ನೂ ಬಂದಿಲ್ಲ, ಆದ್ರೆ ಅವಳು ಹೊರಡೋದೂ ಇಲ್ಲ. ಇದು ಒಳ್ಳೇ ಚಿತ್ರ” ಎಂದರು. ಮುಂದಿನದನ್ನು ಹೇಳಿದಾಗ ತಲೆಯಾಡಿಸಿ, “ಇದು ಹಿಡಿಸ್ಲಿಲ್ಲಮ್ಮ. ಗೋಪುರಾನ ತಂದು ಸರೀ ನಡುವೆ ಇಟ್ಟುಬಿಟ್ಟಿದ್ದಾರೆ, ಕ್ಯಾಲೆಂಡರ್ ಇದ್ದಂಗಿದೆ” ಎಂದು ತೀರ್ಪು ಕೊಟ್ಟರು. ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಈ ತೀರ್ಪು. ಹೊಗಳಲಿ ಎಂದು ಯಾರನ್ನೂ ಗ್ಯಾಲರಿಗೆ ಕರೆಯಬಾರದು. ಹಿಡಿಸಲಿಲ್ಲ ಎಂದು ಹೇಳುವಷ್ಟು ವಿವರ ಕೈಗೆ ಸಿಕ್ಕಾಗಲೇ ಒಬ್ಬರು ನಿಜವಾದ ನೋಡುಗರಾಗುವುದು.

ಜೂನ್ 26, ಗುರುವಾರ

ಬ್ರೈಲ್ ಫಲಕ ಹಾಕಿದರೆ ಮುಗಿಯಿತು ಎಂದುಕೊಂಡವರು ಬಹಳ. ಅದು ಬೇಕೇ ಬೇಕು. ಆದರೆ ಮೇಷ್ಟ್ರಂತೆ ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಬ್ರೈಲ್ ಬಲ್ಲವರು ಕಡಿಮೆ. ಅವರಿಗೆ ಕನ್ನಡದಲ್ಲಿ ಮಾತಾಡುವ ಫೋನೇ ಆಧಾರ. ಆಡಿಯೋಗೆಂದು ಕ್ಯೂಆರ್ ಕೋಡ್ ಅಂಟಿಸಿದರೆ ಅದು ಗೋಡೆಯ ಮೇಲೆ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಎಲ್ಲ ಚಿತ್ರಗಳಿಗೂ ಒಂದೇ ಎತ್ತರದಲ್ಲಿ, ಒಂದೇ ಬದಿಯಲ್ಲಿ, ಬೆರಳಿಗೆ ಸಿಗುವ ಉಬ್ಬಂಚಿನ ಬಿಲ್ಲೆಯ ಮೇಲೆ ಇಡಬೇಕೆಂದು ತೀರ್ಮಾನಿಸಿದೆವು.

ಇನ್ನು ಬೆಳಕಿನ ತೊಡಕು. ಜಲವರ್ಣ ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ. ಕಾಗದದ ಮೇಲಿನ ಕೃತಿಗೆ 50 ಲಕ್ಸ್ ಸಾಕು ಎನ್ನುವುದು ಸಂಗ್ರಹಾಲಯಗಳ ರೂಢಿ. ಮಂದದೃಷ್ಟಿಯವರಿಗೆ ಅಷ್ಟು ಬೆಳಕಿನಲ್ಲಿ ಚಿತ್ರವೂ ಕಾಣದು, ಲೇಬಲ್ಲೂ ಕಾಣದು. ಚಿತ್ರವನ್ನು ಬಲಿಕೊಡುವ ಹಾಗಿಲ್ಲ, ನೋಡುವವರನ್ನೂ ಬಿಡುವ ಹಾಗಿಲ್ಲ. ಅದಕ್ಕೆ ಲೇಬಲ್‌ಗಳಿಗೆ ಮಾತ್ರ ಬೇರೆ ದೀಪ, ದೊಡ್ಡಕ್ಷರದ ಪುಸ್ತಿಕೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಚಿತ್ರಗಳ ದೊಡ್ಡ ಮುದ್ರಿತ ಪ್ರತಿಗಳು. ಕಣ್ಣಿಗೆ ಎಷ್ಟು ಹತ್ತಿರ ಬೇಕಾದರೂ ಹಿಡಿದುಕೊಂಡು ನೋಡಬಹುದು.

ಕೆರೆಯ ಚಿತ್ರವನ್ನು ಮುಟ್ಟಿ ನೋಡಲು ಕಲಾಶಾಲೆಯ ಹುಡುಗಿಯೊಬ್ಬಳು ಪ್ಲಾಸ್ಟರಿನಲ್ಲಿ ಉಬ್ಬುಚಿತ್ರ ಮಾಡುತ್ತಿದ್ದಾಳೆ. ಕೈ ಒಮ್ಮೆಲೇ ಎಲ್ಲವನ್ನೂ ನೋಡುವುದಿಲ್ಲ, ಒಂದೊಂದೇ ಭಾಗ ತಡವಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತದೆ. ಆದ್ದರಿಂದ ಎಲೆ ಎಲೆಯನ್ನೂ ಕೆತ್ತಿದರೆ ಬೆರಳಿಗೆ ಗೋಜಲು. ನೀರು ನುಣುಪು, ಏರಿ ಒರಟು, ಮರ ಎಲ್ಲಕ್ಕಿಂತ ಎತ್ತರ, ಅಷ್ಟೇ ಸಾಕು ಎಂದು ಅವಳೇ ಕಂಡುಕೊಂಡಳು. ಪಕ್ಕದಲ್ಲಿ ಬಣ್ಣ ಹಚ್ಚದ ಅದೇ ಜಾತಿಯ ಕಾಗದದ ಒಂದು ಹಾಳೆ, ಒಂದು ಕುಂಚ.

ನಮ್ಮ ಕೆ. ವೆಂಕಟಪ್ಪನವರು (1886–1965) ನೆನಪಾದರು. ಜಲವರ್ಣದಲ್ಲಿ ಊಟಿ, ಕೊಡೈಕೆನಾಲ್‌ಗಳ ಮಂಜನ್ನು ಹಿಡಿದ ಅದೇ ಕೈ ಪ್ಲಾಸ್ಟರಿನ ಉಬ್ಬುಚಿತ್ರಗಳನ್ನೂ ಮಾಡಿತು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿಯಿತು. ಸಂಗ್ರಹಾಲಯಗಳಲ್ಲಿ ಮೂಲಕೃತಿಗಳನ್ನು ಮುಟ್ಟಿಸಲಾಗದು ನಿಜ. ಬೆರಳಿನ ಎಣ್ಣೆ, ಬೆವರು ಕಲ್ಲನ್ನೂ ಕಂಚನ್ನೂ ತಿನ್ನುತ್ತವೆ. ಅಚ್ಚು ತೆಗೆದು ಪ್ರತಿಕೃತಿ ಮಾಡಬಹುದಲ್ಲ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ 2015ರ ಡಿಸೆಂಬರಿನಲ್ಲಿ 22 ಪ್ರತಿಕೃತಿಗಳ ‘ಅನುಭವ್’ ಎಂಬ ಸ್ಪರ್ಶ ಗ್ಯಾಲರಿ ತೆರೆಯಿತು. ಇಟಲಿಯ ಅಂಕೋನಾದಲ್ಲಿ ದೃಷ್ಟಿಯಿಲ್ಲದ ದಂಪತಿ 1993ರಲ್ಲೇ ಹುಟ್ಟುಹಾಕಿದ ಒಮೆರೋ ಸಂಗ್ರಹಾಲಯದಲ್ಲಿ ಮೈಕೆಲೆಂಜಲೊ ಕೃತಿಗಳ ಪ್ರತಿಗಳನ್ನು ಯಾರು ಬೇಕಾದರೂ ತಡವಬಹುದು. ನಮ್ಮೂರಲ್ಲೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಮುಟ್ಟಿ ನೋಡುವ ಕೃತಿಗಳನ್ನು ಇಟ್ಟಿದೆ. ಹೊಯ್ಸಳರ ಶಿಲ್ಪವಿರುವ ನಾಡು ನಮ್ಮದು. ಜಿಲ್ಲೆಗೊಂದು ಇಂಥ ಕೋಣೆ ಏಕಿರಬಾರದು?

ಜುಲೈ 5, ಶನಿವಾರ

ಚಿತ್ರ ತೂಗುಹಾಕುವ ಕೆಲಸ ಶುರು. ಚಿತ್ರದ ನಡುಮಧ್ಯ ನೆಲದಿಂದ ಐದಡಿ ಇರಲಿ ಎಂಬುದು ಇಲ್ಲಿಯ ರೂಢಿ. ಗೆಳತಿಯನ್ನು ಕರೆಸಿ ಅವಳು ಕೂತಲ್ಲಿಂದ ಕಣ್ಣಿನ ಎತ್ತರ ಅಳೆದರೆ ನಾಲ್ಕಡಿಗಿಂತ ಕೆಳಗೆ. ಅಲ್ಲಿಂದ ನೋಡಿದರೆ ಗಾಜಿನಲ್ಲಿ ಟ್ಯೂಬ್‌ಲೈಟ್ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಎಲ್ಲವನ್ನೂ ಒಂದು ಗೇಣು ಇಳಿಸಿ, ದೀಪದ ಕೋನ ಬದಲಿಸಿದೆವು. ನಿಂತವರಿಗೂ ಅದರಿಂದ ಏನೂ ಕುಂದಾಗಲಿಲ್ಲ. ಹಜಾರದ ನಡುವೆ ಬೆನ್ನೊರಗುವ ಬೆಂಚುಗಳು ಬಂದವು. ಮಂಡಿ ನೋವಿನವರೂ ಬಸುರಿಯರೂ ಅದಕ್ಕೆ ಹಕ್ಕುದಾರರು.

ಕಲಾವಿದರ ಮಾತಿನ ವಿಡಿಯೋಗೆ ಕನ್ನಡ ಅಡಿಬರಹ ಹಾಕಿಸಿದ್ದೇವೆ. ಸಂಜ್ಞಾಭಾಷೆಯಲ್ಲಿ ಪ್ರದರ್ಶನ ತೋರಿಸಲು ಕಿವಿ ಕೇಳದ ಚಿತ್ರಕಾರನೊಬ್ಬ ಒಪ್ಪಿದ್ದಾನೆ. ಅವನಿಗೆ ಸಂಭಾವನೆ ಕೊಡಬೇಕೆಂದು ಹಟ ಹಿಡಿದೆ. ಮೇಷ್ಟ್ರಿಗೂ ಗೆಳತಿಗೂ ಅಷ್ಟೇ. ಅವರ ಸಲಹೆಯನ್ನು ಸೇವೆಯೆಂದು ಬಿಟ್ಟಿ ಪಡೆಯುವುದು ಅನ್ಯಾಯ.

ಜುಲೈ 12, ಶನಿವಾರ

ಉದ್ಘಾಟನೆಯಾಯಿತು. ಗೆಳತಿ ರ‍್ಯಾಂಪಿನಲ್ಲಿ ತಾನಾಗಿ ಬಂದಳು, ಅರ್ಧ ನೋಡಿ ಕಾಫಿಗೆಂದು ಹೊರಗೆ ಹೋದಳು, ಮತ್ತೆ ಬಂದಳು. ಯಾರನ್ನೂ ಕೂಗಬೇಕಾಗಲಿಲ್ಲ. ಮೇಷ್ಟ್ರು ಮಗನ ಜೊತೆ ಬಂದು, ಕೆರೆಯ ಉಬ್ಬುಚಿತ್ರದ ಮೇಲೆ ಕೈಯಾಡಿಸುತ್ತಾ ಮಗನಿಗೆ ಬಿಳಿ ಕಾಗದ ಬಿಟ್ಟ ಜಾಗವನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಆತ ಅದನ್ನು ಗಮನಿಸಿರಲಿಲ್ಲ. ಗದ್ದಲ ಸಹಿಸಲಾರದ ಮಕ್ಕಳಿಗೆಂದು ನಾಳೆ ಬೆಳಿಗ್ಗೆ ಒಂದು ಗಂಟೆ ಗ್ಯಾಲರಿಯನ್ನು ಸದ್ದಿಲ್ಲದೆ ತೆರೆದಿಡುತ್ತೇವೆ.

ಆಗದೆ ಉಳಿದದ್ದೂ ಇದೆ. ಒಳಕೋಣೆಯ ಬಾಗಿಲು ಇನ್ನೂ 28 ಇಂಚು. ಗಾಲಿಕುರ್ಚಿ ಹೋಗುವಂಥ ಶೌಚಾಲಯ ಇಲ್ಲ, ಅಂದರೆ ಗೆಳತಿ ಇಲ್ಲಿ ಅರ್ಧ ದಿನ ಇರಲಾರಳು. ಗೇಟಿನ ಹೊರಗಿನ ಫುಟ್‌ಪಾತ್ ಒಡೆದಿದೆ. ಅವಳು ಕಾರಿನಿಂದ ಇಳಿದದ್ದು ರಸ್ತೆಯ ನಡುವೆಯೇ. ಮುಂದಿನ ಪ್ರದರ್ಶನದ ಖರ್ಚಿನ ಪಟ್ಟಿಯಲ್ಲಿ ಶೌಚಾಲಯವನ್ನು ಮೊದಲ ಸಾಲಿನಲ್ಲಿ ಬರೆಸಿದ್ದೇನೆ, ಗೆಳೆಯರು ಅದರ ಕೆಳಗೆ ಸಹಿ ಹಾಕಿದ್ದಾರೆ. ರ‍್ಯಾಂಪ್ ಬಾಡಿಗೆಗೆ ತಂದದ್ದಲ್ಲ, ಕಾಂಕ್ರೀಟಿನದು. ಈ ಚಿತ್ರಗಳು ಇಳಿದ ಮೇಲೂ ಅದು ಅಲ್ಲೇ ಇರುತ್ತದೆ.