ಕಕ್ಕಡದ ಒಂದು ಮಂಗಳವಾರ

ಬೆಳಗ್ಗೆ ಹತ್ತೂವರೆ. ವಿರಾಜಪೇಟೆಯ ತಾಲ್ಲೂಕು ಆಸ್ಪತ್ರೆಯ ಬೆಂಚಿನ ತುದಿಗೆ ಒತ್ತಿಕೊಂಡು ಕೂತಿದ್ದೀರಿ. ಹೊರಗೆ ಬಿಟ್ಟೂಬಿಡದ ಮಳೆ, ಒಳಗೆಲ್ಲ ಒದ್ದೆ ಕೊಡೆಗಳು. 2014ರಲ್ಲಿ ರಾಜ್ಯದಲ್ಲಿ ಶುರುವಾದ ‘ಮನೋಚೈತನ್ಯ’ದ ಮಂಗಳವಾರ ಇದು, ಮನೋವೈದ್ಯರೇ ತಾಲ್ಲೂಕಿಗೆ ಬರುವ ದಿನ.

ಡಾಕ್ಟರ ಕೋಣೆಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜ, ಜೊತೆಗೆ ಸೊಸೆ. ಬಾಗಿಲು ತೆರೆದೇ ಇದೆ.

“ಅಜ್ಜಾ, ಇದು ಯಾವ ತಿಂಗಳು?”

“ಕಕ್ಕಡ.”

ಡಾಕ್ಟರ ಪೆನ್ನು ನಿಲ್ಲುತ್ತದೆ. ಅದು ಕೊಡವರ ತಿಂಗಳು, ಅವರ ಹಾಳೆಗೆ ಆಗಸ್ಟ್ ಬೇಕು. ಸೊಸೆ ಬಿಡುವುದಿಲ್ಲ: “ಸರಿಯಾಗೇ ಹೇಳಿದ್ರು ಡಾಕ್ಟ್ರೇ. ಮೊನ್ನೆ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಂಡಿದ್ದೀವಲ್ಲ.” ಡಾಕ್ಟರು ನಕ್ಕು ಅಂಕ ಹಾಕುತ್ತಾರೆ. ಹಾಕಲೇಬೇಕು, ಊರಿನ ಲೆಕ್ಕ ಗೊತ್ತಿಲ್ಲದ ಪರೀಕ್ಷೆ ಎಷ್ಟು ಅಜ್ಜಂದಿರನ್ನು ಫೇಲು ಮಾಡಿದೆಯೋ.

ಆದರೆ ಗಡಿಯಾರ ಬರೆಯಿರಿ ಎಂದಾಗ ಹನ್ನೆರಡೂ ಅಂಕಿಗಳು ಒಂದೇ ಪಕ್ಕಕ್ಕೆ ಗುಂಪಾಗುತ್ತವೆ. ಬಾಳೆ, ಕತ್ತಿ, ಕುದುರೆ ಎಂದು ಹೇಳಿಕೊಟ್ಟ ಮೂರರಲ್ಲಿ ಐದು ನಿಮಿಷಕ್ಕೆ ಉಳಿದದ್ದು ಕತ್ತಿ ಮಾತ್ರ.

“ಇವರ ಮಗ ಬೆಂಗಳೂರಲ್ಲಿ. ವಯಸ್ಸಾಯ್ತು, ಅರಳು ಮರಳು ಅಂತಾರೆ ಫೋನಲ್ಲಿ.”

“ಯಾವಾಗಿಂದ ಹೀಗೆ?”

“ಮೂರು ವಾರ. ಅದಕ್ಕೆ ಮುಂಚೆ ಮೆಣಸಿನ ಲೆಕ್ಕ ಇವರೇ ಬರೀತಿದ್ರು. ಈಗ ನಮ್ಮ ತೋಟದಲ್ಲೇ ದಾರಿ ತಪ್ಪಿದ್ರು.”

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಝೈಮರ್ ಇಷ್ಟು ಅವಸರದಲ್ಲಿ ಬರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ವಾರಗಳಲ್ಲಿ ಬುದ್ಧಿ ಮಂಕಾದರೆ ಬೇರೇನನ್ನೋ ಹುಡುಕಬೇಕು: ಮೂತ್ರದ ಸೋಂಕು, ಥೈರಾಯಿಡ್, ಬಿ12 ಕೊರತೆ, ಖಿನ್ನತೆ. ಮಳೆಗಾಲದ ಕೊಡಗಿನಲ್ಲಿ ಇನ್ನೊಂದು ಪ್ರಶ್ನೆ ಮರೆಯುವಂತಿಲ್ಲ.

“ಎಲ್ಲಾದ್ರೂ ಬಿದ್ದಿದ್ರಾ?”

ಅಜ್ಜ ಇಲ್ಲವೆಂದು ತಲೆಯಾಡಿಸುತ್ತಾರೆ. ಸೊಸೆ ಯೋಚಿಸಿ, “ಜೂನ್ ಕೊನೆಗೆ ಅಂಗಳದ ಪಾಚಿ ಮೇಲೆ ಜಾರಿದ್ರು. ಗಾಯ ಆಗಿರ್ಲಿಲ್ಲ, ಬೈದುಕೊಂಡು ಎದ್ದುಬಂದ್ರು” ಎನ್ನುತ್ತಾಳೆ. ಚೀಲದಿಂದ ಮಾತ್ರೆಯ ಕವರು ಹೊರಬರುತ್ತದೆ. ಹೃದಯಕ್ಕೆಂದು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅದರಲ್ಲಿದೆ.

ವಯಸ್ಸಾದಂತೆ ಮೆದುಳು ಕುಗ್ಗುತ್ತದೆ. ಅದರ ಮೇಲಿನ ಸಣ್ಣ ರಕ್ತನಾಳಗಳು ಬಿಗಿದು ನಿಲ್ಲುತ್ತವೆ. ಸಣ್ಣ ಪೆಟ್ಟಿಗೂ ಒಂದು ಹರಿಯಬಹುದು. ರಕ್ತ ವಾರಗಟ್ಟಲೆ ಜಿನುಗಿ ಮೆದುಳನ್ನು ಒತ್ತುತ್ತದೆ. ತಲೆಬುರುಡೆಗೆ ಚಿಕ್ಕ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ.

ಡಾಕ್ಟರು ಅಜ್ಜನ ಎರಡೂ ಕೈ ಮುಂದೆ ಚಾಚಿಸಿ, ಕಣ್ಣು ಮುಚ್ಚಿಸುತ್ತಾರೆ. ಬಲಗೈ ಮೆಲ್ಲಗೆ ಕೆಳಗಿಳಿಯುತ್ತದೆ. ನೀವು ಕೂತಲ್ಲಿಂದಲೇ ಕಾಣುತ್ತದೆ.

“ಮಡಿಕೇರಿಗೆ ಕಾಗದ ಬರೆದುಕೊಡ್ತೀನಿ. ತಲೆ ಸ್ಕ್ಯಾನ್ ಆಗ್ಬೇಕು.”

“ಗುರುವಾರ ಹೋಗ್ಲಾ? ಇವತ್ತು ಕೆಲಸದವರಿಗೆ...”

“ಇವತ್ತೇ. ಬಸ್ಸು ಬೇಡ, 108 ಕರೆಸ್ತೀನಿ.”

“ಆಂಬುಲೆನ್ಸಾ? ನನಗೇನಾಗಿದೆ!” ಅಜ್ಜ ಕೊಡೆಗಾಗಿ ಬೆಂಚಿನ ಕೆಳಗೆ ತಡಕಾಡುತ್ತಾರೆ. ಸೊಸೆ ಆಗಲೇ ಬೆಂಗಳೂರಿಗೆ ಫೋನು ಹಚ್ಚಿದ್ದಾಳೆ.