ಮುದ್ದಣನ ಮುಸುಕು, ಮನೋರಮೆಯ ಮಾತು

ಪತ್ತೇದಾರಿ ಕಥೆಯ ಓದುಗ ಅಪರಾಧಿಯನ್ನು ಹುಡುಕುತ್ತಾನೆ. ಸಾಹಿತ್ಯ ಸಂಶೋಧಕ ಎಷ್ಟೋ ಸಲ ಕರ್ತೃವನ್ನು ಹುಡುಕುತ್ತಾನೆ. 'ಕವಿರಾಜಮಾರ್ಗ' ನೃಪತುಂಗನದೋ ಶ್ರೀವಿಜಯನದೋ ಎಂಬ ದೀರ್ಘ ಚರ್ಚೆ ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ಅಲ್ಲಿ ಕರ್ತೃವನ್ನು ಮಸುಕುಗೊಳಿಸಿದ್ದು ಕಾಲ. ಕರ್ತೃವೇ ಬೇಕೆಂದು ಮುಸುಕೆಳೆದುಕೊಂಡ ಪ್ರಸಂಗವನ್ನು ನೋಡಬೇಕಾದರೆ ಕಾರ್ಕಳ ಸೀಮೆಯ ನಂದಳಿಕೆಗೆ ಬರಬೇಕು.

ನಂದಳಿಕೆ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ. ಬಡತನದಿಂದಾಗಿ ಓದು ಹೆಚ್ಚು ಮುಂದುವರಿಯಲಿಲ್ಲ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಉಪಾಧ್ಯಾಯನಾದ. ಆ ಕಾಲದಲ್ಲಿ ಎಂ. ಎ. ರಾಮಾನುಜ ಅಯ್ಯಂಗಾರ್ ಮತ್ತು ಎಸ್. ಜಿ. ನರಸಿಂಹಾಚಾರ್ ಅವರು ಮೈಸೂರಿನಲ್ಲಿ ಓಲೆಗರಿಗಳ ಹಳೆಯ ಕಾವ್ಯಗಳನ್ನು ಶೋಧಿಸಿ ಅಚ್ಚಿಗೆ ತರುವ ಕಾರ್ಯದಲ್ಲಿ ತೊಡಗಿದ್ದರು. 'ಅದ್ಭುತರಾಮಾಯಣ', 'ಶ್ರೀರಾಮಾಶ್ವಮೇಧ'ಗಳು ಮುದ್ದಣನೆಂಬ ಪ್ರಾಚೀನ ಕವಿಯ ಕೃತಿಗಳೆಂಬ ವೇಷದಲ್ಲಿ ಮೈಸೂರನ್ನು ಸೇರಿದವು, ಹಾಗೆಯೇ ಪ್ರಕಟವಾದವು. ಆ ಮುದ್ದಣನು ಉಡುಪಿಯ ವ್ಯಾಯಾಮದ ಉಪಾಧ್ಯಾಯನೇ ಎಂಬ ಸಂಗತಿ ನಾಡಿಗೆ ತಿಳಿದದ್ದು ಬಹುಮಟ್ಟಿಗೆ ಅವನ ಮರಣಾನಂತರ.

ಇದನ್ನು ವಂಚನೆ ಎನ್ನುವುದು ಸುಲಭ, ಸಂಕೋಚ ಎನ್ನುವುದು ಇನ್ನೂ ಸುಲಭ. ಆದರೆ ಅಂದಿನ ಪ್ರಕಟಣೆಯ ಸ್ಥಿತಿಯನ್ನು ನೆನೆದರೆ ಮೂರನೆಯ ಉತ್ತರವೊಂದು ತೋರುತ್ತದೆ. ಹಳೆಯದಕ್ಕೆ ತೆರೆದಿದ್ದ ಬಾಗಿಲಲ್ಲಿ ಹೊಸಬನೊಬ್ಬನು ಹಳಗನ್ನಡದಲ್ಲಿ ಬರೆದುದನ್ನು ಹಿಡಿದು ನಿಂತರೆ ಒಳಗೆ ಕರೆಯುವವರು ಯಾರು? ಪದವಿಯಾಗಲಿ ಪಂಡಿತ ಮನ್ನಣೆಯಾಗಲಿ ಇಲ್ಲದ ಶಿಕ್ಷಕನಿಗೆ ಪ್ರಾಚೀನತೆಯೇ ಶಿಫಾರಸು ಪತ್ರವಾಯಿತು.

ಹಾಗಾದರೆ ಕೃತಿಯನ್ನಷ್ಟೇ ಓದಿ ಅದರ ಕರ್ತೃವನ್ನು ಊಹಿಸಲು ಸಾಧ್ಯವಿತ್ತೇ? ಭಾಷೆಯನ್ನು ಸಾಕ್ಷಿಯಾಗಿ ಕರೆದರೆ ಅದು ದಾರಿ ತಪ್ಪಿಸುತ್ತದೆ. ಹಳಗನ್ನಡವನ್ನು ವ್ಯಾಕರಣ, ಕಾವ್ಯಗಳಿಂದ ಕಲಿಯಬಹುದು, ಕಲಿತದ್ದನ್ನು ಕಟ್ಟಬಹುದು. ಹೋಲಿಕೆಗೆ ಹಳಗನ್ನಡ ಗದ್ಯವೂ ಆಗ ವಿರಳ. 978ರ 'ಚಾವುಂಡರಾಯಪುರಾಣ'ವಿತ್ತು, ದಿಟ. ಆದರೆ 'ವಡ್ಡಾರಾಧನೆ'ಯು ಡಿ. ಎಲ್. ನರಸಿಂಹಾಚಾರ್ ಅವರ ಸಂಪಾದನೆಯಲ್ಲಿ ಸಮಗ್ರವಾಗಿ ಹೊರಬಂದದ್ದು 1949ರಲ್ಲಿ. ಇಂದಿನ ಓದುಗನು ಎರಡನ್ನೂ ಎದುರಿಗಿಟ್ಟುಕೊಂಡು ಕಾಣುವ ಅಂತರವನ್ನು ಅಂದಿನವರು ಕಾಣುವುದು ಕಷ್ಟವಿತ್ತು.

ವೇಷವನ್ನು ಕಳಚುವುದು ಕಥೆಯೂ ಅಲ್ಲ. ಪದ್ಮಪುರಾಣದ ಶೇಷರಾಮಾಯಣದ ವಸ್ತುವನ್ನು ಯಾವ ಶತಮಾನದ ಕವಿಯಾದರೂ ಆಯ್ದುಕೊಳ್ಳಬಹುದಾಗಿತ್ತು. ಮುಸುಕು ಸರಿಯುವುದು ಕಥೆಯ ಚೌಕಟ್ಟಿನಲ್ಲಿ. ಮಳೆಗಾಲದಲ್ಲಿ ಮನೆಗೆ ಬಂದ ಕವಿಯನ್ನು ಮಡದಿ ಮನೋರಮೆ ಉಪಚರಿಸಿ, ಕಥೆ ಹೇಳೆನ್ನುತ್ತಾಳೆ. ಪದ್ಯ ಬೇಡ, ಗದ್ಯವೇ ಆಗಲಿ ಎನ್ನುತ್ತಾಳೆ. ಸಂಸ್ಕೃತ ಅತಿಯಾದಾಗ ತಡೆಯುತ್ತಾಳೆ. ಗಂಡನ ಪಾಂಡಿತ್ಯಕ್ಕೆ ನಗುತ್ತಾಳೆ, ಅವನ ಚೇಷ್ಟೆಗೆ ಮುನಿಯುತ್ತಾಳೆ. ಪುರಾಣಗಳಲ್ಲಿ ಕೇಳುಗನು ಪ್ರಶ್ನೆ ಹಾಕಿ ಸುಮ್ಮನಾಗುತ್ತಾನೆ. ಇಲ್ಲಿ ಕೇಳುವವಳು ವಿಮರ್ಶಕಿ. ಕಾವ್ಯ ಹೇಗಿರಬೇಕೆಂಬುದನ್ನು ಗೊತ್ತುಮಾಡುವವಳು. ಇದೇ ಕರಾವಳಿಯ ಮಂಗಳೂರಿನಲ್ಲಿ 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಪ್ರಕಟವಾಯಿತೆಂಬುದನ್ನು ನೆನೆದರೆ, ಮನೋರಮೆ ಯಾವ ಕಾಲದ ಹೆಣ್ಣೆಂಬುದು ಸ್ಪಷ್ಟ. ಗುಲ್ವಾಡಿಯವರ ನಾಯಕಿ ಹೊಸಗನ್ನಡದಲ್ಲಿ ನಿಂತಳು, ಮುದ್ದಣನ ಮನೋರಮೆ ಹಳಗನ್ನಡವನ್ನು ಉಟ್ಟುಕೊಂಡು ಬಂದಳು.

ಕಾಲಕ್ಕೆ ಸಾಕ್ಷಿ ಹೇಳುವ ಈ ಸಂಭಾಷಣೆ ದೇಶಕ್ಕೂ ಸಾಕ್ಷಿ ಹೇಳುತ್ತದೆ ಎಂದು ಊಹಿಸಲು ಅವಕಾಶವಿದೆ. ಮುದ್ದಣ 'ರತ್ನಾವತಿ ಕಲ್ಯಾಣ', 'ಕುಮಾರವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನೂ ಬರೆದವನು. ಭಾಗವತರ ಪದ ಮುಗಿದೊಡನೆ ಪುರಾಣದ ಪಾತ್ರವು ಮಾತಿಗೆ ಇಳಿದು, ಎದುರಾಳಿಯ ಮಾತಿನಿಂದಲೇ ತನ್ನ ಮಾತನ್ನು ಹುಟ್ಟಿಸಿಕೊಳ್ಳುವ ರೂಢಿ ಈ ನೆಲದ್ದು. ಮುದ್ದಣ ಮನೋರಮೆಯರು ಒಬ್ಬರ ನುಡಿಯ ಕೊನೆಯನ್ನು ಇನ್ನೊಬ್ಬರು ಎತ್ತಿಕೊಳ್ಳುವ ಚುರುಕಿನಲ್ಲಿ ಅರ್ಥಧಾರಿಗಳ ಬೈಠಕ್ಕಿನ ಸದ್ದು ಕೇಳಿಸುತ್ತದೆ. ಲಿಪಿ, ಛಂದಸ್ಸು, ವ್ಯಾಕರಣಗಳನ್ನು ಮಾತ್ರ ಪರೀಕ್ಷಿಸುವ ಸಂಶೋಧನೆಗೆ ಈ ಸದ್ದು ಕೇಳಿಸದು.

ಕವಿ ತನ್ನನ್ನು ಪೂರ್ತಿ ಅಡಗಿಸಿಕೊಂಡಿರಲೂ ಇಲ್ಲ. ಮುದ್ದಣ ಎಂಬುದು ಮನೆಯವರು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರು. ತನ್ನ ಮನೆಯ ಹೆಸರನ್ನೇ ಅಂಕಿತವಾಗಿಟ್ಟು, ಗಂಡಹೆಂಡಿರ ಮಾತನ್ನೇ ಕೃತಿಯ ಹೊಸ್ತಿಲಾಗಿಸಿದವನು ಯಾರಾದರೂ ತನ್ನನ್ನು ಕಂಡುಹಿಡಿಯಲೆಂದು ಬಯಸಿರಲಾರನೆ? ಸಂಪಾದಕರ ಕಣ್ಣಿಗೆ ಹಳಗನ್ನಡದ ವೇಷವಾದರೆ, ಓದುಗರ ಕಿವಿಗೆ ಮನೋರಮೆಯ ಮಾತು.

ಆ ಓದುಗರು ಬರುವಷ್ಟು ಕಾಲ ಕವಿಗೆ ಉಳಿದಿರಲಿಲ್ಲ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯರೋಗ ಅವನನ್ನು ಕೊಂಡೊಯ್ದಿತು. ಕೃತಿಗೆ ಸಲ್ಲಬೇಕಾದ ಮೆಚ್ಚುಗೆ ಅವನ ಬದುಕಿನುದ್ದಕ್ಕೂ ಇದ್ದಿಲ್ಲದ ಹಳೆಯ ಕವಿಯೊಬ್ಬನಿಗೆ ಸಂದಿತು. ಹಳತೆಂಬ ಕಾರಣಕ್ಕೇ ಕೃತಿಯೊಂದನ್ನು ಗೌರವಿಸುವ ವಿದ್ವತ್ತು, ತನ್ನ ಕಾಲದಲ್ಲೇ ಕುಳಿತು ಬರೆಯುತ್ತಿರುವವನಿಗೆ ಮುಸುಕನ್ನು ಅನಿವಾರ್ಯಗೊಳಿಸುತ್ತದೆ. ಕರ್ತೃ ಯಾರೆಂದು ಕೇಳುವ ಮುನ್ನ ಸಂಶೋಧಕನು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಒಳಿತು: ಅವನು ಯಾರ ಕಣ್ಣಿನಿಂದ ಮರೆಯಾಗಬೇಕಾಗಿತ್ತು?