ಕಾಡುದಾರಿಯ ಪಾಥೇಯ

2011ರ ಜನಗಣತಿಯಂತೆ ನಮ್ಮ ಮೈಸೂರು ಜಿಲ್ಲೆಯೊಂದರ ಜನಸಂಖ್ಯೆ ಸುಮಾರು 30 ಲಕ್ಷ. ಆಫ್ರಿಕಾ ಖಂಡದ ನೈರುತ್ಯದಲ್ಲಿರುವ ನಮೀಬಿಯಾ ದೇಶವು ವಿಸ್ತಾರದಲ್ಲಿ ಕರ್ನಾಟಕದ ನಾಲ್ಮಡಿಗೂ ಮಿಗಿಲು. 2023ರ ಗಣತಿಯಲ್ಲಿ ಅಲ್ಲಿ ಕಂಡುಬಂದ ಜನರೂ ಅಷ್ಟೇ. ಅಂತಹ ಜನವಿರಳ ದೇಶಕ್ಕೆ ಹೊರಟವರಿಗೆ ಬಲ್ಲವರು ಹೇಳುವ ಹಿತವಚನಗಳು ನಾಲ್ಕು: ಕತ್ತಲಾದ ಮೇಲೆ ವಾಹನ ನಡೆಸಬೇಡಿರಿ, ನೀರನ್ನೂ ಪೆಟ್ರೋಲನ್ನೂ ಧಾರಾಳವಾಗಿ ತುಂಬಿಕೊಳ್ಳಿರಿ, ಮೃಗಗಳಿಗೆ ದಾರಿ ಬಿಡಿರಿ, ಸೊಳ್ಳೆಗೆ ಅಂಜಿರಿ. ಇವನ್ನು ಕಲಿಯಲು ಸಮುದ್ರವನ್ನು ದಾಟಬೇಕಾಗಿಲ್ಲ. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ದಾರಿಯೇ ಅವಕ್ಕೆ ಪಾಠಶಾಲೆಯಾಗಿದೆ.

ನಂಜನಗೂಡನ್ನು ಹಾದು ಗುಂಡ್ಲುಪೇಟೆಯವರೆಗೆ, ಎಂದರೆ ಸುಮಾರು 60 ಕಿಲೋಮೀಟರು, ಊರುಗಳಿಗೆ ಕೊರತೆಯಿಲ್ಲ. ಅದರಾಚೆ ಬಂಡೀಪುರದ ಅರಣ್ಯ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನೊಳಗೆ ಗಾಡಿ ಕೆಟ್ಟರೆ ಕೂಗಿಗೆ ಓಗೊಡುವ ಮನೆಯಿಲ್ಲ. ಮೊಬೈಲು ಅಲ್ಲಲ್ಲಿ ಮೂಕವಾಗುವುದುಂಟು. ಆದುದರಿಂದ ಮಕ್ಕಳಿಗೆ ಬೇಕಾದ ಹಾಲು ನೀರು, ಹಿರಿಯರ ನಿತ್ಯದ ಔಷಧಗಳು ಮುಂತಾದುವನ್ನು ಗುಂಡ್ಲುಪೇಟೆಯಲ್ಲಿಯೇ ಎಣಿಸಿ ನೋಡಿಕೊಳ್ಳತಕ್ಕದ್ದು.

2009ರಿಂದ ಈ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಸಾಮಾನ್ಯ ವಾಹನಗಳಿಗೆ ತಡೆಯುಂಟು. ಮೃಗಗಳ ರಕ್ಷಣೆಗಾಗಿ ಬಂದ ಈ ನಿಯಮವು ಮನುಷ್ಯರಿಗೂ ರಕ್ಷೆಯೇ ಸರಿ. ಇರುಳಿನಲ್ಲಿ ದಾರಿಗೆ ಅಡ್ಡವಾಗಿ ನಿಂತ ಆನೆಯ ಕಪ್ಪು ಮೈ ದೀಪದ ಬೆಳಕಿಗೆ ತಟ್ಟನೆ ಕಾಣಿಸದು. ಆದರೆ ಬಾಗಿಲು ಮುಚ್ಚುವ ಮುನ್ನ ಸೇರಬೇಕೆಂದು ಮುಸ್ಸಂಜೆಯಲ್ಲಿ ಧಾವಿಸುವವರು ತಪ್ಪಿಸಿಕೊಂಡ ಅಪಾಯವನ್ನೇ ಮರಳಿ ಕರೆತರುತ್ತಾರೆ. ಹೊತ್ತು ಮೀರಿದರೆ ಇದ್ದ ಊರಿನಲ್ಲಿಯೇ ತಂಗುವುದು ಲೇಸು. ಆನೆ ಕಂಡಲ್ಲಿ ದೂರ ನಿಲ್ಲಿಸಿ ಕಾಯಬೇಕು. ಚಿತ್ರ ತೆಗೆಯಲೆಂದು ಇಳಿಯಲಾಗದು. ಕೋತಿಗಳಿಗೆ ತಿಂಡಿ ಎಸೆಯಲೂ ಆಗದು.

ತೆಪ್ಪಕಾಡಿನಿಂದ ಮಸಿನಗುಡಿಯ ಮೇಲೆ ಹೋದರೆ ಸೀಗೂರು ಘಾಟಿ. 1897ರಲ್ಲಿ ಬೆಂಗಳೂರಿನಿಂದ ರಜೆಯ ಮೇಲೆ ಉದಕಮಂಡಲಕ್ಕೆ ಬಂದ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾವನ್ನು ಅಭ್ಯಸಿಸಲು ಈ ಘಾಟಿಗೆ ಇಳಿದು, ತಾನೇ ಆ ಜ್ವರಕ್ಕೆ ಗುರಿಯಾದನು. ಅದೇ ವರ್ಷದ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ರೋಗಾಣುವನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಜ್ವರವನ್ನು ಅರಸಿ ಬಂದ ಪಂಡಿತನನ್ನೂ ಜ್ವರವು ಬಿಡಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕಾಡಿನಂಚಿನಲ್ಲಿ ತಂಗುವವರಿಗೆ ಮೈತುಂಬ ಉಡುಪೂ ಸೊಳ್ಳೆಪರದೆಯೂ ಅವಶ್ಯ.

ಸೊಳ್ಳೆಯಂತೆಯೇ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ; 2012ರಲ್ಲಿ ಆ ಕಾಯಿಲೆ ಬಂಡೀಪುರದಲ್ಲಿಯೂ ಕಾಣಿಸಿಕೊಂಡಿತು. ಸತ್ತ ಕೋತಿಯ ಬಳಿ ಸುಳಿಯದೆ ಅರಣ್ಯದವರಿಗೆ ತಿಳಿಸಬೇಕು. ಮನೆಗೆ ಬಂದೊಡನೆ ಸ್ನಾನಮಾಡಿ, ಬಟ್ಟೆಗಳನ್ನು ಒಗೆಯಬೇಕು. ಮಕ್ಕಳ ಮೈಯನ್ನು ಪರೀಕ್ಷಿಸಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಬೇಕು. ಈ ಒಂದು ಮಾತನ್ನು ಹೇಳದಿದ್ದರೆ ರೋಗನಿರ್ಣಯವು ದಾರಿತಪ್ಪಬಹುದು.

ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಇಳಿಯುವಾಗ ಬ್ರೇಕನ್ನು ಎಡೆಬಿಡದೆ ಒತ್ತಿದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುವುದು. ಕೆಳಗಿನ ಗೇರಿನಲ್ಲಿಯೇ ಮೆಲ್ಲಗೆ ಇಳಿಯತಕ್ಕದ್ದು. ಪರವೂರಿನವರು ಗೂಡಲೂರಿನ ದಾರಿಯನ್ನು ಹಿಡಿಯುವುದು ಮೇಲು.

ಸಂಸ್ಕೃತದಲ್ಲಿ ದಾರಿಯ ಬುತ್ತಿಗೆ ಪಾಥೇಯವೆಂದು ಹೆಸರು. ದಾರಿಗೆ ಹಿತವಾದದ್ದು ಎಂದು ಅದರ ಅರ್ಥ. ಅನ್ನದ ಗಂಟೊಂದೇ ಪಾಥೇಯವಲ್ಲ. ಊರಿನಲ್ಲಿ ನೆರೆಯವರಿಂದ ಕ್ಷಣದಲ್ಲಿ ದೊರೆಯುವ ನೀರು, ಔಷಧ, ಬುದ್ಧಿವಾದಗಳನ್ನು ಕಾಡಿನ ದಾರಿಯಲ್ಲಿ ನಾವೇ ಹೊತ್ತೊಯ್ಯಬೇಕು. ಅಲ್ಲಿ ಹುಲಿಗಿಂತಲೂ ಅಂಜಬೇಕಾದುದು ನೆರವಿನ ದೂರಕ್ಕೆ. ನಮೀಬಿಯಾದ ಮರಳುಗಾಡಿಗೆ ಹೋಗುವ ನಮ್ಮ ಮಕ್ಕಳೂ ಈ ಪಾಥೇಯವನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಡಲಿ.